ಮೋಟರಿನ ಹೊಟ್ಟೆಯೊಳಗಿನ ಉತ್ತರ, ದಕ್ಷಿಣ

ಸ್ಫೂರ್ತಿ ಹೋದ ತಿಂಗಳು ಐಟಿಐಗೆ ಸೇರಿದಳು. ಎಲೆಕ್ಟ್ರಿಷಿಯನ್ ವಿಭಾಗ. ಎರಡನೆಯ ವಾರವೇ ನನಗೆ ಫೋನ್ ಮಾಡಿ, "ಅಜ್ಜಿ, ಒಂದೇ ಜಾತಿ ತುದಿಗಳು ಒಂದನ್ನೊಂದು ದೂಡ್ತವೆ ಅಂತಾರೆ. ಹಂಗಾದ್ರೆ ದಿಕ್ಸೂಚಿಯ ಉತ್ತರದ ತುದಿ ಉತ್ತರಕ್ಕೇ ಹೋಗಿ ಯಾಕೆ ನಿಲ್ಲತ್ತೆ?" ಎಂದು ಕೇಳಿದಳು. ಕಾರಣ ನನಗೆ ಗೊತ್ತಿತ್ತು. ಆದರೆ ಫೋನಿನಲ್ಲಿ ನನಗೆ ಮಾತು ಮುಂದಕ್ಕೆ ಹೋಗುವುದಿಲ್ಲ. "ಬರೆದು ಕೊಡ್ತೀನಿ" ಎಂದೆ. ಒಂದು ಪುಟದಲ್ಲಿ ಮುಗಿಯಬಹುದು ಎಂದುಕೊಂಡಿದ್ದೆ, ಮುಗಿಯಲಿಲ್ಲ. ಅವಳ ತಮ್ಮ ನಿಖಿಲನೂ ಓದಬಹುದು ಎಂದು ಸುಲಭವಾಗಿ ಬರೆದಿದ್ದೇನೆ.

ನಾನು ಓದಿದ್ದು ಹೊಸನಗರ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಆಯಸ್ಕಾಂತದ ಬಗ್ಗೆ ಅಲ್ಲಿ ಕಲಿತದ್ದು ಒಂದೇ ವಾಕ್ಯ, ಅದು ಕಬ್ಬಿಣವನ್ನು ಸೆಳೆಯುತ್ತದೆ ಎಂಬುದು. ಉಳಿದದ್ದನ್ನೆಲ್ಲ ಸಾಗರದ ಒಂದು ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಕೂತು ಕೈಯಿಂದ ಕಲಿತೆ. ಆದ್ದರಿಂದ ಪುಸ್ತಕದ ಮಾತು ಬೇರೆ, ನನ್ನದು ಬೇರೆ ಎನಿಸಿದರೆ ಪರೀಕ್ಷೆಯಲ್ಲಿ ಪುಸ್ತಕದ್ದನ್ನು ಬರೆಯಿರಿ, ಮೋಟರಿನ ಮುಂದೆ ಕೂತಾಗ ನನ್ನದನ್ನು ನೆನಪಿಸಿಕೊಳ್ಳಿ.

ಆ ಅಂಗಡಿಯಲ್ಲಿ ಮೊದಲು ಕೆಲಸಕ್ಕಿದ್ದವರು ನಿಮ್ಮ ಅಜ್ಜ. ಸುಟ್ಟುಹೋದ ಮೋಟರ್ ಬಂದರೆ ಒಳಗಿನ ತಾಮ್ರದ ತಂತಿ ಕಪ್ಪಾಗಿರುತ್ತದೆ. ಅದನ್ನು ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಹೊಸ ತಂತಿಯನ್ನು ಅಷ್ಟೇ ಸುತ್ತು ಸುತ್ತಿ, ಮೋಟರಿನ ಒಳಗೋಡೆಯ ಉದ್ದ ಸೀಳುಗಳಲ್ಲಿ ಕೂರಿಸಿ, ಒಂದಕ್ಕೊಂದು ಜೋಡಿಸಬೇಕು. ಸುತ್ತುವ ಕೆಲಸ ಹೆಚ್ಚಾದಾಗ ಅಜ್ಜ ಕೈಮಷಿನನ್ನು ಮನೆಗೇ ತರುತ್ತಿದ್ದರು. ಅಡಿಗೆ ಮುಗಿಸಿ ನಾನು ಕೂತು ಸುತ್ತುತ್ತಿದ್ದೆ. ಸುತ್ತು ಎಣಿಸುವಾಗ ಬಾಯಿ ಬಿಡುವಂತಿಲ್ಲ, ಬಿಟ್ಟರೆ ಲೆಕ್ಕ ತಪ್ಪುತ್ತದೆ. "ನಿನಗೆ ಹೇಳಿ ಮಾಡಿಸಿದ ಕೆಲಸ ಮಾರಾಯ್ತಿ" ಎಂದು ಅವರು ತಮಾಷೆ ಮಾಡುತ್ತಿದ್ದರು.

ನಿಮ್ಮಪ್ಪ ಐದನೆಯ ತರಗತಿಯಲ್ಲಿದ್ದಾಗ ಅವರು ತೀರಿಕೊಂಡರು. ತಿಂಗಳಾದ ಮೇಲೆ ಮಷಿನನ್ನು ವಾಪಸ್ಸು ಕೊಡಲು ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ಶೇಷಪ್ಪಣ್ಣ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಮಷಿನನ್ನೂ ನನ್ನನ್ನೂ ನೋಡಿ, ಅದನ್ನು ಇಲ್ಲಿ ಇಟ್ಟುಕೊಂಡು ನಾನೆಂತ ಮಾಡಲಿ, ನೀವೇ ಬಂದು ತಿರುಗಿಸಿ ಎಂದರು. ಹಾಗೆ ಸೇರಿದೆ. ಎರಡು ವರ್ಷ ಹಿಂದಿನ ಕೋಣೆಯಲ್ಲಿ ಕೂತು ಬರೀ ಕಾಯಿಲ್, ಅಂದರೆ ತಂತಿಯ ಸುರುಳಿ, ಸುತ್ತಿದೆ. ಅಂಗಡಿಯ ಮುಂದೆ, ಕಿಟಕಿಯ ಪಕ್ಕ, ನಿಮ್ಮಜ್ಜ ಕೂರುತ್ತಿದ್ದ ಮೇಜಿತ್ತು. ಕಾಯಿಲುಗಳನ್ನು ಜೋಡಿಸಿ ಪರೀಕ್ಷೆ ಮಾಡುವುದು ಆ ಮೇಜಿನಲ್ಲಿ. ಅಲ್ಲಿ ಕೂತವರೇ ಆ ಮೋಟರಿಗೆ ಜವಾಬ್ದಾರರು. ಅಜ್ಜ ಹೋದ ಮೇಲೆ ಶೇಷಪ್ಪಣ್ಣ ಅದನ್ನು ತಾವೇ ನೋಡಿಕೊಳ್ಳುತ್ತಿದ್ದರು.

ಈಗ ಆಯಸ್ಕಾಂತದ ವಿಷಯ.

ಅಂಗಡಿಯಲ್ಲಿ ಒಂದು ಪಟ್ಟಿ ಆಯಸ್ಕಾಂತ ಇತ್ತು, ಒಂದು ತುದಿಗೆ ಕೆಂಪು ಬಣ್ಣ. ಸಂಜೆ ಕಸ ಗುಡಿಸುವ ಮೊದಲು ಅದನ್ನು ನೆಲದ ಮೇಲೆ ಆಡಿಸಿ ಕಬ್ಬಿಣದ ಚೂರು ಆರಿಸುವುದು ನನ್ನ ಕೆಲಸ. ಒಂದು ಚೂರು ಮೋಟರಿನೊಳಗೆ ಉಳಿದರೂ ತಂತಿಯ ಮೇಲಿನ ತೆಳು ಲೇಪವನ್ನು ಕೆರೆದು ಹಾಳು ಮಾಡುತ್ತದೆ. ತಾಮ್ರದ ಚೂರು ಅದಕ್ಕೆ ಅಂಟುವುದಿಲ್ಲ, ಹಿತ್ತಾಳೆಯೂ ಇಲ್ಲ, ಅಲ್ಯೂಮಿನಿಯಮ್ಮೂ ಇಲ್ಲ. ಲೋಹವೆಲ್ಲ ಅಂಟುತ್ತದೆ ಎಂದುಕೊಂಡಿದ್ದ ನನಗೆ ಅದೇ ಮೊದಲನೆಯ ಪಾಠ. ಒಂದು ದಿನ ಆ ಪಟ್ಟಿ ನನ್ನ ಕೈಜಾರಿ ಸಿಮೆಂಟಿನ ಮೇಲೆ ಬಿದ್ದು ಎರಡು ತುಂಡಾಯಿತು. ಹೆದರಿಕೆಯಿಂದ ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡೆ. ಕೆಂಪು ತುಂಡಿನಲ್ಲಿ ಬರೀ ಉತ್ತರ, ಇನ್ನೊಂದರಲ್ಲಿ ಬರೀ ದಕ್ಷಿಣ ಉಳಿದಿರಬೇಕು ಎಂದು ನನ್ನ ಲೆಕ್ಕ. ಮನೆಗೆ ಹೋಗಿ ನೋಡಿದರೆ ಹಾಗಿರಲಿಲ್ಲ. ಒಂದೊಂದು ತುಂಡಿಗೂ ಸೆಳೆಯುವ ತುದಿಯೊಂದು, ದೂಡುವ ತುದಿಯೊಂದು. ಮರುದಿನ ಶೇಷಪ್ಪಣ್ಣನಿಗೆ ತಲೆ ತಗ್ಗಿಸಿಕೊಂಡು ಒಪ್ಪಿಸಿದೆ. ಒಂದಿತ್ತು, ಎರಡು ಮಾಡಿದ್ದೀರಿ, ಬೈಯುವುದೆಂತಕ್ಕೆ ಎಂದು ಅವರು ನಕ್ಕರು. ಎಷ್ಟು ತುಂಡು ಮಾಡಿದರೂ ಎರಡು ತುದಿಯೂ ಇರುತ್ತವೆ. ಒಂಟಿ ತುದಿಯನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಅಂಗಡಿಯಲ್ಲಿದ್ದ ದಿಕ್ಸೂಚಿ ಹಳೆಯ ಹಿತ್ತಾಳೆ ಡಬ್ಬಿ, ಗಾಜಿನೊಳಗೆ ಒಂದು ಮುಳ್ಳು, ಅದರ ಉತ್ತರದ ತುದಿಗೆ ಬಣ್ಣ. ನಾವು ಅದನ್ನು 'ಮುಳ್ಳು' ಎಂದೇ ಕರೆಯುತ್ತಿದ್ದೆವು. ಸ್ಫೂರ್ತಿ, ನಿನ್ನ ಪ್ರಶ್ನೆಗೆ ಶೇಷಪ್ಪಣ್ಣ ನನಗೆ ಕೊಟ್ಟ ವಿವರಣೆ ಇದು. ಮುಳ್ಳಿನ ಉತ್ತರದ ತುದಿ ಎಂದರೆ ಉತ್ತರಕ್ಕೆ ನೋಡುವ ತುದಿ ಎಂದಷ್ಟೇ ಅರ್ಥ. ಭೂಮಿಯೇ ಒಂದು ದೊಡ್ಡ ಆಯಸ್ಕಾಂತ. ಅದರ ಉತ್ತರದ ಕಡೆ ಇರುವುದು ಆಯಸ್ಕಾಂತದ ಲೆಕ್ಕದಲ್ಲಿ ದಕ್ಷಿಣ ಜಾತಿ. ಅದಕ್ಕೇ ಮುಳ್ಳಿನ ಉತ್ತರದ ತುದಿಯನ್ನು ಅದು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಕಾಂತಕ್ಷೇತ್ರ ಎಂಬ ಮಾತಿಗೆ ನೀವು ಹೆದರಬೇಡಿ. ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಕಬ್ಬಿಣ ಉಜ್ಜಿದ ಪುಡಿ ತಂದು, ಆಯಸ್ಕಾಂತದ ಮೇಲೆ ಒಂದು ಹಾಳೆ ಇಟ್ಟು, ಪುಡಿ ಉದುರಿಸಿ ಮೆಲ್ಲಗೆ ತಟ್ಟಿ. ಪುಡಿ ತಾನಾಗಿ ಗೆರೆಗೆರೆಯಾಗಿ ನಿಲ್ಲುತ್ತದೆ, ಒಂದು ತುದಿಯಿಂದ ಹೊರಟು ಬಾಗಿ ಇನ್ನೊಂದು ತುದಿಗೆ ಹೋಗುತ್ತದೆ. ತುದಿಗಳ ಹತ್ತಿರ ಗೆರೆಗಳು ಒತ್ತಾಗಿ ಇರುತ್ತವೆ, ಅಲ್ಲಿ ಶಕ್ತಿ ಹೆಚ್ಚು. ದೂರ ಹೋದ ಹಾಗೆ ವಿರಳವಾಗುತ್ತವೆ. ಆ ಗೆರೆಗಳು ಒಂದನ್ನೊಂದು ದಾಟುವುದಿಲ್ಲ. ಮುಟ್ಟದೆ ಇದ್ದರೂ ಆಯಸ್ಕಾಂತದ ಕೈ ಎಲ್ಲಿಯವರೆಗೆ ಚಾಚುತ್ತದೋ ಆ ಜಾಗವೇ ಅದರ ಕ್ಷೇತ್ರ.

ಮೋಟರನ್ನು ಬಿಚ್ಚಿ ಆಯಸ್ಕಾಂತ ಎಲ್ಲಿದೆ ಎಂದು ಹುಡುಕಿದರೆ ನೀರೆತ್ತುವ ನಮ್ಮ ಸಾಧಾರಣ ಮೋಟರಿನಲ್ಲಿ ಅದು ಸಿಗುವುದಿಲ್ಲ. ನಾವು ಸುತ್ತುವುದೇ ಅದನ್ನು. ಕಬ್ಬಿಣದ ಮೊಳೆಗೆ ತಾಮ್ರದ ತಂತಿ ಸುತ್ತಿ ಟಾರ್ಚಿನ ಸೆಲ್ಲಿಗೆ ಜೋಡಿಸಿ ನೋಡಿ, ಮೊಳೆ ಗುಂಡುಸೂಜಿ ಹಿಡಿಯುತ್ತದೆ. ಸೆಲ್ ತೆಗೆದರೆ ಬಿಟ್ಟುಬಿಡುತ್ತದೆ. ಸೆಲ್ಲಿನ ಎರಡು ತುದಿ ಅದಲು ಬದಲು ಮಾಡಿದರೆ ಮೊಳೆಯ ಉತ್ತರ ದಕ್ಷಿಣವೂ ಅದಲು ಬದಲಾಗುತ್ತದೆ. ಕರೆಂಟು ಸುತ್ತಿಕೊಂಡು ಹೋಗುವ ಕಡೆಗೆ ಬಲಗೈ ಬೆರಳುಗಳನ್ನು ಮಡಚಿದರೆ ಹೆಬ್ಬೆರಳು ಚಾಚಿದ ಕಡೆ ಉತ್ತರ. ಈ ಉಪಾಯ ಕಲಿತ ಮೇಲೆ ಬಸ್ಸಿನಲ್ಲೂ ಮುಷ್ಟಿ ಕಟ್ಟಿಕೊಂಡು ಹೆಬ್ಬೆರಳು ನೋಡುತ್ತಿದ್ದೆ.

ಇನ್ನೊಂದು ಸಂಗತಿ ತೀರ್ಥಹಳ್ಳಿಯದು. ಅದು ಎಷ್ಟೋ ವರ್ಷ ಆದ ಮೇಲಿನದು, ಆದರೂ ಇಲ್ಲೇ ಹೇಳುತ್ತೇನೆ. ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ಇಳಿಯುವ ದೋಣಿಗೆ ಆಯಸ್ಕಾಂತ ಹಾಕಿದ್ದರು, ಭತ್ತದಲ್ಲಿ ಬಂದ ಮೊಳೆ ಗಿಳೆ ಹಿಡಿಯಲಿ ಎಂದು. ಅದು ಏನನ್ನೂ ಹಿಡಿಯುತ್ತಿಲ್ಲ, ಮಾರಿದ ಅಂಗಡಿಯವರು ಮೋಸ ಮಾಡಿದ್ದಾರೆ ಎಂದು ಗಿರಣಿಯವರ ದೂರು. ನಾನು ಹೋಗಿ ಅದಕ್ಕೆ ಮೊಳೆ ಮುಟ್ಟಿಸಿದೆ, ಮೊಳೆ ಜಾರಿ ಬಿತ್ತು. ನೀವು ಇದನ್ನು ಹೇಗೆ ಶುಚಿ ಮಾಡುತ್ತೀರಿ ಎಂದು ಕೇಳಿದೆ. ಎಣ್ಣೆ ತೌಡು ಅಂಟಿಕೊಂಡರೆ ತಿಕ್ಕಿದರೂ ಹೋಗುವುದಿಲ್ಲ, ಅದಕ್ಕೆ ಭತ್ತ ಬೇಯಿಸುವ ಒಲೆಯ ಬಾಯಿಗೆ ಹಿಡಿದು ಕೆಂಪಗೆ ಕಾಯಿಸಿ ಸುಟ್ಟು ತೆಗೆಯುತ್ತೇವೆ ಎಂದು ಅಲ್ಲಿನ ಕೆಲಸದವರು ಹೆಮ್ಮೆಯಿಂದ ಹೇಳಿದರು. ಚೆನ್ನಾಗಿ ಕಾದರೆ ಆಯಸ್ಕಾಂತ ಬರೀ ಕಬ್ಬಿಣ. ಅವರು ತಿಂಗಳಿಗೊಮ್ಮೆ ತಪ್ಪದೆ ಅದರ ಜೀವ ತೆಗೆದು ಮತ್ತೆ ಜಾಗಕ್ಕೆ ಕೂರಿಸುತ್ತಿದ್ದರು. ಹಾಗೆಂದು ಅವರ ಮುಖಕ್ಕೆ ಹೇಳಲು ನಾನು ಎಷ್ಟು ಹೊತ್ತು ತೆಗೆದುಕೊಂಡೆ ಎಂದರೆ, ಅಷ್ಟರಲ್ಲಿ ಎರಡು ಸಲ ಕಾಫಿ ಬಂದಿತ್ತು.

ಈಗ ಅಂಗಡಿಗಳಲ್ಲಿ ಸುತ್ತು ತಾನೇ ಎಣಿಸುವ ಮಷಿನ್ ಬಂದಿದೆ, ಜೋಡಣೆ ಪರೀಕ್ಷೆಗೆ ಮೀಟರುಗಳಿವೆ. ಫೋನಿನಲ್ಲೂ ದಿಕ್ಸೂಚಿ ಇದೆ ಎಂದು ನಿಖಿಲ ತೋರಿಸಿದ. ಒಳ್ಳೆಯದೇ. ಆದರೆ ನನ್ನ ದೊಡ್ಡ ತಪ್ಪು ಮುಳ್ಳಿನಿಂದಲೇ ಆದದ್ದು. ಹೊಸ ಮೀಟರಿನಲ್ಲೂ ಅದೇ ತಪ್ಪಿಗೆ ಜಾಗ ಇದೆ. ಸ್ಫೂರ್ತಿ, ಇದನ್ನು ಗಮನವಿಟ್ಟು ಓದು.

ಮೂರು ಫೇಸಿನ ಮೋಟರಿನಲ್ಲಿ ಕರೆಂಟಿಗೆ ಕೆಂಪು, ಹಳದಿ, ನೀಲಿ ಎಂದು ಮೂರು ದಾರಿ, ಒಂದೊಂದೂ ಒಂದು ಫೇಸು. ನಾವು ಹೆಚ್ಚಾಗಿ ಮಾಡುತ್ತಿದ್ದ ಮೋಟರುಗಳಲ್ಲಿ ಒಂದೊಂದು ಫೇಸಿಗೆ ನಾಲ್ಕು ಗುಂಪು ಕಾಯಿಲ್. ಜೋಡಣೆ ಸರಿ ಇದ್ದರೆ ಒಂದು ಗುಂಪು ಉತ್ತರ, ಮುಂದಿನದು ದಕ್ಷಿಣ, ಮತ್ತೆ ಉತ್ತರ, ಮತ್ತೆ ದಕ್ಷಿಣ. ಇದನ್ನು ನೋಡಲು ಬ್ಯಾಟರಿಯಿಂದ ಕರೆಂಟು ಕೊಟ್ಟು, ಮುಳ್ಳನ್ನು ಮೋಟರಿನ ಒಳಗೋಡೆಯ ಸುತ್ತ ನಿಧಾನವಾಗಿ ಒಯ್ಯಬೇಕು. ಗುಂಪಿನಿಂದ ಗುಂಪಿಗೆ ಮುಳ್ಳು ತಿರುಗುತ್ತಾ ಹೋಗಬೇಕು. ಬ್ಯಾಟರಿ ಮತ್ತು ಕಾಯಿಲಿನ ನಡುವೆ ಗಾಡಿಯ ಹೆಡ್‌ಲೈಟಿನ ಒಂದು ಬಲ್ಬ್ ಸೇರಿಸುವುದು ನಿಮ್ಮಜ್ಜನ ಪದ್ಧತಿ. ಯಾಕೆ ಎಂದು ನಾನು ಕೇಳಿರಲಿಲ್ಲ.

ಮೂರನೆಯ ವರ್ಷದ ಬೇಸಿಗೆಯಲ್ಲಿ ಹೊಸನಗರ ತಾಲ್ಲೂಕಿನ ಹುಲಿಕಲ್ ಕಡೆಯ ಒಂದು ಹಳ್ಳಿಯಿಂದ ಕುಡಿಯುವ ನೀರಿನ ಬಾವಿಯ ಮೋಟರ್ ಸುಟ್ಟು ಬಂತು. ತಂದವನು ಅಲ್ಲಿ ನೀರು ಬಿಡುವ ತಿಮ್ಮಪ್ಪ. ಮೂರು ದಿನದಲ್ಲಿ ಬೇಕು, ಹೆಂಗಸರು ಹಳ್ಳದಿಂದ ಹೊರುತ್ತಿದ್ದಾರೆ ಎಂದ. ಆ ದಿನ ಶೇಷಪ್ಪಣ್ಣ ನನ್ನನ್ನು ಕರೆದು, ಈ ಮೋಟರನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಮಾಡಿ, ತಿರುಗಿದರೆ ಮೇಜು ನಿಮ್ಮದು ಎಂದರು. ಹಿಂದಿನ ಕೋಣೆಯಲ್ಲಿ ಕಾಯಿಲ್ ಸುತ್ತುವವರಿಗೆ ಮಳೆಗಾಲದಲ್ಲಿ ವಾರಗಟ್ಟಲೆ ಕೆಲಸ ಇರುವುದಿಲ್ಲ. ಮೇಜಿನವರಿಗೆ ವರ್ಷವಿಡೀ ಇರುತ್ತದೆ. ನಿಮ್ಮಪ್ಪನ ಓದು ಆ ಮೇಜಿನ ಮೇಲೆಯೇ ನಿಂತಿತ್ತು.

ಸುತ್ತಿದೆ, ಕೂರಿಸಿದೆ, ಜೋಡಿಸಿದೆ. ಕೆಂಪು, ಹಳದಿ ಫೇಸುಗಳನ್ನು ಬಲ್ಬ್ ಹಾಕಿಯೇ ನೋಡಿದೆ, ಸರಿ ಇತ್ತು. ಆದರೆ ಮುಳ್ಳು ತಿರುಗುವುದು ಬಹಳ ನಿಧಾನ ಎನಿಸಿತು. ಬಲ್ಬ್ ತೆಗೆದರೆ ಕರೆಂಟು ಜಾಸ್ತಿಯಾಗಿ ಮುಳ್ಳು ಚುರುಕಾದೀತು ಎಂದು ನನಗೊಂದು ಬುದ್ಧಿ ಹೊಳೆಯಿತು. ತೆಗೆದೆ. ನೀಲಿ ಫೇಸಿನ ಮೊದಲ ಗುಂಪು ಉತ್ತರ ಎಂದಿತು, ಎರಡನೆಯದು ದಕ್ಷಿಣ. ಎರಡಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮೂರನೆಯದಕ್ಕೆ ಮುಳ್ಳನ್ನು ಸರಕ್ಕನೆ ಹತ್ತಿರ ಒಯ್ದೆ. ಅದು ದಕ್ಷಿಣ ಎಂದಿತು, ನಾಲ್ಕನೆಯದು ಉತ್ತರ. ಎರಡು ದಕ್ಷಿಣ ಅಕ್ಕಪಕ್ಕ ಬರುವಂತಿಲ್ಲವಲ್ಲ. ನನ್ನದೇ ಜೋಡಣೆ ತಪ್ಪಿದೆ ಎಂದುಕೊಂಡು, ಮೂರು ಮತ್ತು ನಾಲ್ಕನೆಯ ಗುಂಪನ್ನು ಬಿಚ್ಚಿ ತಿರುಗಿಸಿ ಜೋಡಿಸಿದೆ. ಮತ್ತೆ ಆ ಎರಡನ್ನು ಮಾತ್ರ ನೋಡಿದೆ. ಮೂರು ಉತ್ತರ, ನಾಲ್ಕು ದಕ್ಷಿಣ. ಸೀಮೆಸುಣ್ಣದ ಗುರುತು ಸಾಲಾಗಿ ಸರಿಬಂತು. ಮೊದಲ ಎರಡನ್ನು ಮತ್ತೊಮ್ಮೆ ನೋಡುವುದು ಬೇಡವೆನಿಸಿತು.

ವಾರ್ನಿಷ್ ಹಾಕಿ ಬಿಸಿಲಿನಲ್ಲಿ ಒಣಗಿಸಿದೆ. ಮೂರನೆಯ ದಿನ ಸಾಗರದಲ್ಲಿ ಲೈನಿನ ಕೆಲಸವೆಂದು ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಓಡಿಸಿ ನೋಡದೆ ಕೊಡುವ ರೂಢಿ ನಮ್ಮಲ್ಲಿಲ್ಲ. ತಿಮ್ಮಪ್ಪ ಕಾಯಲಿಲ್ಲ, ಅಲ್ಲೇ ಓಡಿಸಿ ನೋಡುತ್ತೇವೆ ಎಂದು ಗಾಡಿಗೆ ಹಾಕಿಕೊಂಡು ಹೋದ.

ಮರುದಿನ ಬೆಳಿಗ್ಗೆ ಅಂಗಡಿಗೆ ಅವನ ಫೋನ್ ಬಂತು. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ, ಸ್ಟಾರ್ಟರ್ ಕರೆಂಟು ಕಡಿದುಬಿಡುತ್ತದೆ ಎಂದ. ಶೇಷಪ್ಪಣ್ಣ ಪಿಕಪ್ ಗಾಡಿ ತರಿಸಿ, ಉಪಕರಣ ಹಾಕಿಕೊಂಡು, ನನ್ನನ್ನೂ ಹತ್ತಿಸಿಕೊಂಡರು.

ಬಾವಿಯ ಹತ್ತಿರ ಹದಿನೈದಿಪ್ಪತ್ತು ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಶೇಷಪ್ಪಣ್ಣ ಸ್ವಿಚ್ ಹಾಕಿಸಿದರು. ಮೋಟರ್ ಗುಂಯ್ ಎಂದು ಎಳೆಯಿತು, ಸ್ಟಾರ್ಟರ್ ಕಡಿಯಿತು. ವಯಸ್ಸಾದ ಒಬ್ಬ ಹೆಂಗಸು ಎಲ್ಲರಿಗೂ ಕೇಳುವ ಹಾಗೆ, "ಸಾಗರದಿಂದ ಮೋಟರ್ ಬತ್ತದೆ ಅಂದ್ರು. ಇದು ಭಜನೆ ಮಾಡಕ್ಕೆ ಬಂದಂಗಿದೆಯಲ್ಲೋ ತಿಮ್ಮಪ್ಪ" ಎಂದಳು. ಎಲ್ಲರೂ ನಕ್ಕರು. ಮೋಟರ್ ಮಾಡಿದ್ದು ಆ ಅಕ್ಕ ಎಂದು ತಿಮ್ಮಪ್ಪ ನನ್ನ ಕಡೆ ತೋರಿಸಿದ. ನಗು ನಿಂತಿತು, ಎಲ್ಲರೂ ನನ್ನನ್ನೇ ನೋಡಿದರು. ನಗುತ್ತಿದ್ದರೇ ವಾಸಿ ಇತ್ತು.

ಶೇಷಪ್ಪಣ್ಣ ಮೋಟರಿನ ನಡುವಿನ ದಂಡವನ್ನು ಕೈಯಿಂದ ತಿರುಗಿಸಿದರು, ಸಲೀಸಾಗಿ ತಿರುಗಿತು. ಮೂರು ಫೇಸೂ ಬರುತ್ತಿದೆಯೇ ಎಂದು ಟೆಸ್ಟ್ ಬಲ್ಬ್ ಇಟ್ಟು ನೋಡಿದರು, ಬರುತ್ತಿತ್ತು. ಅಂದರೆ ತಪ್ಪು ಸುತ್ತಿದ್ದರಲ್ಲಿ. ಕೈ ಒರೆಸಿಕೊಂಡು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ವಾಪಸ್ ತಗಂಡ್ ಹೋಗಣ. ಇದನ್ನ ನಾನೇ ನೋಡ್ತೀನಿ. ನೀವು ಹಿಂದಿನ ಕೋಣೆಲೇ ಕಾಯಿಲ್ ಸುತ್ಕೊಂಡು ಇರಿ ಗಿರಿಜಮ್ಮ, ಸಾಕು" ಎಂದರು. ಬೈದಿದ್ದರೆ ಅಳು ಬರುತ್ತಿತ್ತು. ಮೆಲ್ಲಗೆ ಹೇಳಿದ್ದರಿಂದ ಅಳುವೂ ಬರಲಿಲ್ಲ.

ಜನರ ಮುಖ ನೋಡಲಾರದೆ, ಗಾಡಿಯಿಂದಲೂ ಪಂಪ್‌ಹೌಸಿನಿಂದಲೂ ದೂರ ಒಂದು ಕಲ್ಲಿನ ಮೇಲೆ ಹೋಗಿ ಕೂತೆ. ಉಪಕರಣದ ಚೀಲ ತೊಡೆಯ ಮೇಲಿತ್ತು. ಕೈಗೆ ಕೆಲಸ ಬೇಕೆಂದು ಮುಳ್ಳಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದೆ. ಅಂಗಡಿಯಲ್ಲಿ ಸುತ್ತಲೂ ಕಬ್ಬಿಣ, ಅಲ್ಲಿ ಮುಳ್ಳು ಯಾವತ್ತೂ ಎತ್ತಲೋ ನಿಲ್ಲುತ್ತಿತ್ತು, ನಾವು ಗಮನ ಕೊಡುತ್ತಿರಲಿಲ್ಲ. ಇಲ್ಲಿ ಬಯಲಿನಲ್ಲಿ ಅದು ಸಮಾಧಾನವಾಗಿ ಓಲಾಡಿ ನಿಂತಿತು. ಬೆಳಗಿನ ಬಿಸಿಲು ನನ್ನ ಬಲಗೆನ್ನೆಗೆ ಬೀಳುತ್ತಿತ್ತು. ಅಂದರೆ ನಾನು ಕೂತದ್ದು ಉತ್ತರಕ್ಕೆ ಮುಖ ಮಾಡಿ. ಮುಳ್ಳಿನ ಬಣ್ಣದ ತುದಿ ನನ್ನ ಮುಂದಕ್ಕೆ ನೋಡಬೇಕಿತ್ತು. ಅದು ನನ್ನ ಹೊಟ್ಟೆಯ ಕಡೆಗೆ ನೋಡುತ್ತಿತ್ತು.

ಡಬ್ಬಿ ತಟ್ಟಿದೆ. ತಿರುಗಿಸಿದೆ. ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ ನೋಡಿದೆ. ಬಣ್ಣದ ತುದಿ ದಕ್ಷಿಣಕ್ಕೇ.

ಮುಳ್ಳು ಕೂಡ ಒಂದು ಸಣ್ಣ ಆಯಸ್ಕಾಂತ. ತನಗಿಂತ ಬಹಳ ಬಲವಾದುದರ ಎದುರಿಗೆ, ತಿರುಗಿಕೊಳ್ಳಲು ಪುರುಸೊತ್ತು ಕೊಡದೆ ಅದನ್ನು ಒಯ್ದರೆ ಅದರ ಉತ್ತರ ದಕ್ಷಿಣವೇ ಬದಲಾಗಿಬಿಡುತ್ತದೆ. ಬಲ್ಬ್ ಇದ್ದುದು ಕರೆಂಟನ್ನು ತಗ್ಗಿಸಿ ಮುಳ್ಳನ್ನು ಕಾಯುವುದಕ್ಕೆ. ನೀಲಿ ಫೇಸಿನ ಮೂರನೆಯ ಗುಂಪಿನ ಎದುರು ಮುಳ್ಳು ಉಲ್ಟಾ ಆಗಿತ್ತು. ನಾನು ಮೊದಲು ಮಾಡಿದ ಜೋಡಣೆ ಸರಿಯಾಗಿಯೇ ಇತ್ತು. ಸುಳ್ಳು ಹೇಳಿದ ಮುಳ್ಳನ್ನು ನಂಬಿ ನಾನೇ ಅದನ್ನು ಕೆಡಿಸಿದ್ದೆ. ಆಮೇಲೂ ನಾಲ್ಕು ಗುಂಪನ್ನು ಪೂರ್ತಿ ಒಂದು ಸುತ್ತು ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಅಷ್ಟು ಜನರ ನಡುವೆ ಹಾದು ಹೋಗಿ ಶೇಷಪ್ಪಣ್ಣನ ಎದುರು ನಿಂತೆ. ಅವರು ಮೋಟರಿನ ಬೋಲ್ಟ್ ಬಿಚ್ಚಿಸುತ್ತಿದ್ದರು.

"ತಪ್ಪು ನಂದೇ ಶೇಷಪ್ಪಣ್ಣ. ನೀಲಿ ಫೇಸ್ ಅರ್ಧ ಉಲ್ಟಾ ಆಗಿದೆ. ಇಲ್ಲೇ ಸರಿ ಮಾಡ್ಬಹುದು."

"ಗೊತ್ತಾ, ಅಂದಾಜಾ?"

"ಗೊತ್ತು."

ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಡಬ್ಬಿಯನ್ನು ಅವರ ಕೈಗೆ ಕೊಟ್ಟೆ. ಅವರು ಬಯಲಿಗೆ ಹೋಗಿ ಸೂರ್ಯನನ್ನೂ ಮುಳ್ಳನ್ನೂ ನೋಡುತ್ತ, ದೇವರಿಗೆ ಪ್ರದಕ್ಷಿಣೆ ಬರುವವರ ಹಾಗೆ ನಿಂತಲ್ಲೇ ಒಂದು ಸುತ್ತು ಬಂದರು. ವಾಪಸ್ಸು ಬಂದು, "ಬಲ್ಬ್?" ಎಂದರು.

"ತೆಗ್ದಿದ್ದೆ."

ಡಬ್ಬಿಯನ್ನು ನನ್ನ ಕೈಗೆ ವಾಪಸ್ಸು ಕೊಟ್ಟು, "ಬಿಚ್ಚಿ ಹಂಗಾದ್ರೆ. ನಾನು ಮುಟ್ಟಲ್ಲ" ಎಂದು ಬಾವಿಕಟ್ಟೆಗೆ ಹೋಗಿ ಕೂತರು.

ಪಿಕಪ್ಪಿನ ಬ್ಯಾಟರಿ ಬೇಕಾಯಿತು, ಅದರ ಹೆಡ್‌ಲೈಟ್ ಬಲ್ಬೂ ಬೇಕಾಯಿತು. ಗಾಡಿಯ ಡ್ರೈವರ್ ಗೊಣಗಿಕೊಂಡೇ ಬಿಚ್ಚಿಕೊಟ್ಟ. ಮುಳ್ಳು ಉಲ್ಟಾ ಆಗಿದ್ದರೂ ಕೆಲಸಕ್ಕೆ ಅಡ್ಡಿಯಿಲ್ಲ. ನಮಗೆ ಬೇಕಾದ್ದು ಪಕ್ಕದ ಗುಂಪಿಗೆ ಹೋದಾಗ ಅದು ತಿರುಗುತ್ತದೆಯೇ ಎಂಬುದು, ತುದಿಯ ಹೆಸರಲ್ಲ. ನಡುವೆ ತಾನೇ ಬದಲಾಗದಿದ್ದರೆ ಸಾಕು. ಮುಚ್ಚಳ ತೆಗೆದು, ಒಳಗೆ ತಿರುಗುವ ಭಾಗವಾದ ರೋಟರನ್ನು ಹೊರಗೆಳೆದು, ಮೊದಲು ನೀಲಿ ಫೇಸನ್ನು ನೋಡಿದೆ. ನಡುವಿನ ಎರಡು ಗುಂಪು ಒಂದೇ ಜಾತಿ. ವಾರ್ನಿಷ್ ಗಟ್ಟಿಯಾಗಿದ್ದ ಜೋಡಣೆಯನ್ನು ಚಾಕುವಿನಿಂದ ಕೆರೆದು, ಬಿಚ್ಚಿ, ತಿರುಗಿಸಿ, ಬೆಸೆದೆ. ಆಮೇಲೆ ಮೂರು ಫೇಸುಗಳ ಹನ್ನೆರಡು ಗುಂಪಿನ ಮೇಲೂ ಮುಳ್ಳನ್ನು ನಿಧಾನವಾಗಿ ಒಯ್ದೆ, ಒಂದೊಂದು ಫೇಸಿಗೂ ಹೊರಟ ಗುಂಪಿಗೇ ವಾಪಸ್ಸು ಬರುವವರೆಗೆ. ಬಗ್ಗಿ ನೋಡುತ್ತಿದ್ದ ಹೆಂಗಸರಲ್ಲಿ ಒಬ್ಬಳು, ಅದು ಒಂದೊಂದು ಸಲ ಒಂದೊಂದು ಕಡೆ ತಿರುಗುತ್ತದಲ್ಲ, ಕೆಟ್ಟಿದೆಯಾ ಎಂದು ಕೇಳಿದಳು. ಇಲ್ಲ, ಈಗ ಸರಿಯಾಗಿದೆ ಎಂದೆ.

ಮುಗಿಸುವಾಗ ಮಧ್ಯಾಹ್ನ. ಸ್ವಿಚ್ ಹಾಕಲು ತಿಮ್ಮಪ್ಪ ಮುಂದೆ ಬರಲಿಲ್ಲ. "ನೀವೇ ಹಾಕ್ರಕ್ಕ. ಬೆಳಿಗ್ಗೆಯಿಂದ ನನ್ನ ಕೈಗುಣ ಸರಿ ಇಲ್ಲ" ಎಂದ. ಹಾಕಿದೆ. ಒಂದು ಕ್ಷಣದ ಗುಂಯ್, ಆಮೇಲೆ ಮೋಟರ್ ವೇಗ ಹಿಡಿದು ಒಂದೇ ಸಮನೆ ಓಡಿತು. ಪೈಪಿನೊಳಗೆ ಗಾಳಿ ಕೆಮ್ಮಿತು, ನೀರು ಟ್ಯಾಂಕಿನ ಕಡೆ ಏರಿತು. ಎಲ್ಲರೂ ಕೊಡ ಎತ್ತಿಕೊಂಡು ನಲ್ಲಿಯ ಕಡೆಗೆ ಓಡಿದರು. ಅದಕ್ಕಿಂತ ಒಳ್ಳೆಯ ಮಾತು ನನಗೆ ಬೇಕಿರಲಿಲ್ಲ.

ವಾಪಸ್ಸು ಬರುವಾಗ ಶೇಷಪ್ಪಣ್ಣ ದಾರಿಯುದ್ದಕ್ಕೂ ಮಳೆ ಯಾವಾಗ ಹಿಡಿದೀತು ಎಂದು ಡ್ರೈವರನ ಹತ್ತಿರ ಮಾತಾಡಿದರು. ಮೇಜಿನ ಮಾತೆತ್ತಲಿಲ್ಲ.

ಮರುದಿನ ಅಂಗಡಿಗೆ ಹೋದವಳು ಸೀದಾ ಹಿಂದಿನ ಕೋಣೆಗೆ ಹೋಗಿ ಮಷಿನಿನ ಮುಂದೆ ಕೂತೆ. ಹತ್ತು ಗಂಟೆಯ ಹೊತ್ತಿಗೆ ಆನಂದಪುರದ ಕಡೆಯವರೊಬ್ಬರು ಒಂದು ಮೋಟರ್ ಹೊರಿಸಿಕೊಂಡು ಬಂದರು. ಯಾವಾಗ ಕೊಡುತ್ತೀರಿ ಎಂದು ಶೇಷಪ್ಪಣ್ಣನನ್ನು ಕೇಳುವುದು ನನಗೆ ಕೇಳಿಸಿತು. "ನನ್ನ ಕೇಳಿದ್ರೆ ಎಂತ ಗೊತ್ತು? ಮೇಜಿನ ಕೆಲಸ ಅವರದ್ದು" ಎಂದರು ಶೇಷಪ್ಪಣ್ಣ. ಬಂದವರು ಖಾಲಿ ಮೇಜನ್ನು ನೋಡಿರಬೇಕು, ಯಾರದ್ದು ಎಂದರು.

"ಗಿರಿಜಮ್ಮ, ಅಲ್ಲೆಂತ ಮಾಡ್ತಿದೀರಿ? ಗಿರಾಕಿ ಕಾಯ್ತಿದಾರೆ."

ಕೈ ಒರೆಸಿಕೊಂಡು ಹೊರಗೆ ಬಂದು, ಕಿಟಕಿಯ ಪಕ್ಕದ ಕುರ್ಚಿ ಎಳೆದು ಕೂತೆ. ಆ ಮನುಷ್ಯ ಒಮ್ಮೆ ನನ್ನನ್ನು, ಒಮ್ಮೆ ಶೇಷಪ್ಪಣ್ಣನನ್ನು ನೋಡಿದರು. ಶೇಷಪ್ಪಣ್ಣ ತಲೆಯೆತ್ತದೆ ಬೇರಿಂಗ್ ತೊಳೆಯುತ್ತಿದ್ದರು. ಯಾವ ಗಿರಾಕಿಯ ಹತ್ತಿರವೂ ಅದುವರೆಗೆ ನಾನಾಗಿ ಮಾತು ಶುರುಮಾಡಿದವಳಲ್ಲ.

"ಎಷ್ಟು ಎಚ್‌ಪಿ?" ಎಂದು ಕೇಳಿದೆ.